ಟ್ಯಾಂಕಿನ ಹಿಂದಿನ ಬ್ರೇಕ್ ಪೈಪು

ನನ್ನ ಗಂಡನ ಬಲಗಾಲಿನ ಮಂಡಿ ಒಡೆದದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ಆಗ ಅವರು ಗಂಗಾವತಿಯ ಒಂದು ಗ್ಯಾರೇಜಿನಲ್ಲಿ ಒಂಬತ್ತು ವರ್ಷದಿಂದ ಮೆಕ್ಯಾನಿಕ್ ಆಗಿದ್ದರು. ಶ್ರೀರಾಮನಗರದ ಕಡೆಯ ಒಬ್ಬ ಭತ್ತದ ಸಾಹುಕಾರರು ಹೈದರಾಬಾದಿನಿಂದ ಹಳೆಯ ಕಾಲದ ವಿಲಾಯಿತಿ ಕಾರೊಂದನ್ನು ತರಿಸಿದ್ದರು. ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ, ಉದ್ದನೆಯ ಮೂತಿ, ಕೆಂಪು ಬಣ್ಣ. ಜೋರಾಗಿ ಓಡಿಸುವುದಕ್ಕೆಂದೇ ಮಾಡಿದ ಬಂಡಿ. ಅದರ ಬ್ರೇಕಿನ ಎಣ್ಣೆ ಹಾಯುವ ಸಣ್ಣ ಪೈಪುಗಳು ತುಕ್ಕು ಹಿಡಿದಿದ್ದವು. ಎಲ್ಲವನ್ನೂ ಹೊಸದಾಗಿ ಹಾಕಿಕೊಡಿ ಎಂದು ಗ್ಯಾರೇಜಿಗೆ ಬಿಟ್ಟರು.

ಮುಂದಿನ ಚಕ್ರಗಳ ಪೈಪುಗಳನ್ನು ನನ್ನ ಗಂಡ ಬದಲಾಯಿಸಿದರು. ಹಿಂದಿನದು ಕಷ್ಟದ್ದು. ಪೆಟ್ರೋಲ್ ಟ್ಯಾಂಕಿಗೂ ಕಾರಿನ ಅಡಿಯ ಚೌಕಟ್ಟಿಗೂ ನಡುವೆ, ಗಂಡಸಿನ ಅಂಗೈ ಕೂಡ ತೂರದ ಸಂದಿಯಲ್ಲಿ ಅದು ಹಾಯ್ದು ಹೋಗಿತ್ತು. ಟ್ಯಾಂಕು ಇಳಿಸಬೇಕೆಂದರೆ ಬಾಡಿಯನ್ನೇ ಎತ್ತಬೇಕು. ಗ್ಯಾರೇಜಿನ ಮಾಲೀಕನನ್ನು ಎಲ್ಲರೂ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಅವನೇ, "ಅದನ್ನ ನಾ ಹಾಕ್ತೀನಿ, ನೀ ಬ್ಯಾರೆ ಕೆಲಸ ನೋಡು" ಅಂದನಂತೆ. ಮರುದಿನ ಬೆಳಿಗ್ಗೆ, "ಎಲ್ಲಾ ಹೊಸಾವ ಆದ್ವು. ಆನೆಗೊಂದಿತನಕ ಓಡಿಸಿ ನೋಡ್ಕೊಂಡು ಬಾ" ಎಂದು ಚಾವಿ ಕೊಟ್ಟನಂತೆ.

ವಾಪಸ್ ಬರುವಾಗ ಬಂಡೆಗಳ ನಡುವಿನ ಇಳಿಜಾರಿನಲ್ಲಿ ಪೆಡಲ್ ಒಮ್ಮೆಲೇ ತಳಕ್ಕೆ ಕೂತಿತು. ಎದುರಿಗೆ ಹುಲ್ಲಿನ ಹೊರೆ ಹೊತ್ತ ನಾಲ್ಕೈದು ಹೆಂಗಸರು ರಸ್ತೆ ದಾಟುತ್ತಿದ್ದರು. ಹ್ಯಾಂಡ್‌ಬ್ರೇಕ್ ಎಳೆದರೂ ಬಂಡಿ ನಿಲ್ಲಲಿಲ್ಲ. ನನ್ನ ಗಂಡ ಅದನ್ನು ಪಕ್ಕದ ಬಂಡೆಗೆ ಗುದ್ದಿಸಿದರು.

ಮೂರನೇ ದಿನ ದೊಡ್ಡ ಮೇಸ್ತ್ರಿ ಸಾಹುಕಾರರನ್ನು ಕರೆದುಕೊಂಡು ದವಾಖಾನೆಗೆ ಬಂದ. ನಮ್ಮ ನೆಂಟರು, ಪಕ್ಕದ ಮಂಚದವರು, ಎಲ್ಲರೂ ಇದ್ದರು. ನಾನು ಗಂಜಿಯ ಲೋಟ ಹಿಡಿದು ನಿಂತಿದ್ದೆ. "ಹಿಂದಿನ ಪೈಪು ನಾನs ಕೈಯಾರೆ ಹಾಕೀನ್ರಿ ಸಾವ್ಕಾರ್ರ. ಈತ ಮುಂದಿನ ನಟ್ ಬಿಗಿ ಮಾಡೋದು ಮರತಾನ. ಕುಡಿದಿದ್ನೋ ಏನೋ" ಅಂದ.

ನನ್ನ ಗಂಡ ಜೀವಮಾನದಲ್ಲಿ ಕುಡಿದವರಲ್ಲ. ಆದರೆ ಕೆಲಸ ಕಲಿಸಿದವನ ಎದುರು ಬಾಯಿ ತೆರೆಯಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದರು. ಮೇಸ್ತ್ರಿಯ ಆ ಒಂದು ಮಾತು ನಮಗಿಂತ ಮೊದಲೇ ಊರು ಸುತ್ತಿತು. ಮಂಡಿ ಕೂಡಿ ಕುಂಟುತ್ತ ಎದ್ದ ಮೇಲೆ ಯಾವ ಗ್ಯಾರೇಜಿನವರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಮನೆಯ ಮುಂದೆ ತಗಡು ಹಾಕಿಕೊಂಡು ಸೈಕಲ್ ಪಂಕ್ಚರ್ ತಿದ್ದತೊಡಗಿದರು. "ಹೋಗ್ಲಿ ಬಿಡು, ದೇವರು ನೋಡ್ಕೊಂತಾನ" ಅನ್ನುತ್ತಿದ್ದರು.

ನನಗೆ ಬಿಡಲು ಆಗಲಿಲ್ಲ. ನಾನು ರವಿಕೆ ಹೊಲಿಯುತ್ತಿದ್ದೆ. ಮೇಸ್ತ್ರಿಯ ಹೆಂಡತಿ ಬಟ್ಟೆ ಕಳಿಸಿದಾಗ ಗಂಟು ಬಿಚ್ಚದೆ ವಾಪಸ್ ಕಳಿಸಿದೆ. ಆಕೆ ನನಗೇನೂ ಮಾಡಿರಲಿಲ್ಲ, ಅದು ಗೊತ್ತಿತ್ತು. ಅವನು ಯಾವ ಹೊತ್ತಿಗೆ ಚಹಾ ಕುಡಿಯುತ್ತಾನೆ, ಆಗ ಯಾರು ಯಾರು ಸುತ್ತ ಇರುತ್ತಾರೆ ಎಂಬುದನ್ನೆಲ್ಲ ಸಂತೆಗೆ ಹೋಗಿ ಬರುವಾಗ ನೋಡಿಟ್ಟುಕೊಂಡೆ. ಆ ಹೊತ್ತಿನಲ್ಲಿ, ಆ ಜನರ ಮುಂದೆಯೇ ಅವನ ಮಾತು ಅವನ ಬಾಯಿಗೆ ವಾಪಸ್ ಹೋಗಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ವರ್ಷದ ಮೇಲೆ ಸಾಹುಕಾರರ ಮನೆಗೆ ಹೋದೆ. ಜಖಂ ಆದ ಕಾರು ಅವರ ಗೋದಾಮಿನಲ್ಲಿ ಹಾಗೇ ನಿಂತಿತ್ತು.

"ಆ ಬಂಡಿ ನಮ್ಮ ಮನಿಗೆ ಕಳಸ್ರಿ. ನಿಮ್ಮ ಕಣ್ಣ ಮುಂದs ಹಿಂದಿನ ಪೈಪು ಬಿಚ್ಚತೀವಿ. ಮೇಸ್ತ್ರಿ ಹೊಸಾದು ಹಾಕ್ಯಾನೋ ಇಲ್ಲೋ ನೀವs ನೋಡ್ರಿ" ಅಂದೆ.

"ತಪ್ಪು ನಿನ್ನ ಗಂಡಂದs ಅಂತ ಬಂದ್ರ ಏನ್ ಮಾಡ್ತಿ ತಂಗಿ?"

"ಅವತ್ತಿಂದ ಅವರು ನಟ್ ಬಿಚ್ಚೋ ಪಾನ ಕೈಲೆ ಮುಟ್ಟಂಗಿಲ್ರಿ."

ಎರಡು ದಿನದ ಮೇಲೆ ಸಾಹುಕಾರರು ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಕಳಿಸಿ, ಹಿಂದೆಯೇ ತಾವೂ ಬಂದರು.

ಗಂಡ ನನ್ನ ಮೇಲೆ ರೇಗಿದರು. ಆದರೆ ಕಾರು ಕಂಡ ಮೇಲೆ ಕೈ ಸುಮ್ಮನಿರಲಿಲ್ಲ. ಪೆಟ್ರೋಲ್ ಬಸಿದು, ಹಿಂಭಾಗವನ್ನು ಜಾಕಿ ಮೇಲೆ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟು ಕೆಳಗೆ ಹೋದರು. ಸಾಹುಕಾರರು ಕುರ್ಚಿ ಹಾಕಿಕೊಂಡು ಕೂತರು. ಗಂಡನ ಕೈ ಸಂದಿಯೊಳಗೆ ಮಣಿಕಟ್ಟಿನವರೆಗೂ ಹೋಗಲಿಲ್ಲ. ಮೂರು ಸಲ ಚರ್ಮ ಸುಲಿಸಿಕೊಂಡು ಹೊರಬಂದರು.

ನಾನು ಬಳೆ ತೆಗೆದಿಟ್ಟು, ಗೋಣಿಚೀಲ ಹಾಸಿ ಮಲಗಿದೆ. ನನ್ನ ಕೈ ಮೊಣಕೈವರೆಗೆ ಹೋಯಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ನೋಡಬೇಕು. ಪಕ್ಕದಲ್ಲಿ ಮಲಗಿ ಅವರು ಹೇಳುತ್ತಿದ್ದರು: "ಆರು ಮೂಲಿ ನಟ್ ಸಿಕ್ತೇನು? ಅದರ ಮ್ಯಾಲ ಪಾನ ಕೂಡಸು. ನಿನ್ನ ಕಡೆ ಎಳಿ. ಜೋರ್ ಮಾಡಬ್ಯಾಡ, ಮೂಲಿ ಸವೀತಾವ." ತುಕ್ಕು ಸಡಿಲವಾಗಲೆಂದು ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾದೆವು. ಮರುದಿನ ಸಾಹುಕಾರರು ಬಂದು ಕೂತ ಮೇಲೆ ಅದು ಗೋಧಿ ಕಾಳಿನಷ್ಟು ತಿರುಗಿತು. ಪಾನ ತೆಗೆದು ಮತ್ತೆ ಕೂಡಿಸಿ, ಮತ್ತೆ ಗೋಧಿ ಕಾಳಿನಷ್ಟು. ಒಂದೊಂದು ಸಲ ತಿರುಗಿದಾಗಲೂ ಮೇಸ್ತ್ರಿಯ ಕಿವಿ ಹಿಂಡಿದ ಹಾಗೆ ಖುಷಿಯಾಗುತ್ತಿತ್ತು. ಇದನ್ನು ಆಗ ಯಾರಿಗೂ ಹೇಳಲಿಲ್ಲ.

ಪೈಪು ಹೊರಬಂತು. ಮೂವತ್ತು ವರ್ಷದ ಹಳೇ ಬಣ್ಣ, ಕಲ್ಲಿನಂತೆ ಗಟ್ಟಿಯಾದ ಕೆಸರು ಮೆತ್ತಿದ್ದ ಅದೇ ಮೊದಲಿನ ಪೈಪು. ಅದನ್ನು ಹಿಡಿದಿದ್ದ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದು ತೂತು ಬಿದ್ದಿತ್ತು. ಮುಂದಿನ ಹೊಸ ಪೈಪುಗಳ ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಸಾಹುಕಾರರು ಅವನ್ನೂ ಬಗ್ಗಿ, ಒಂದೊಂದಾಗಿ ಮುಟ್ಟಿ ನೋಡಿದರು. "ಹಿಂದಿನ ಪೈಪು ಮೇಸ್ತ್ರಿ ಮುಟ್ಟೇ ಇಲ್ಲಲ್ಲ" ಎಂದಷ್ಟೇ ಅಂದರು.

ಮೊದಲು ಕೆಲಸ ಮುಗಿಸೋಣ ಎಂದರು ಗಂಡ. ತಂತಿಯೊಂದನ್ನು ಸಂದಿಯಲ್ಲಿ ಹಾಯಿಸಿ, ಅದು ಬಾಗಿದ ಹಾಗೆಯೇ ಹೊಸ ಪೈಪನ್ನು ಬಾಗಿಸಿದರು. ಅದನ್ನು ಒಳಗೆ ತೂರಿಸಿ ಎರಡೂ ತುದಿ ಕೂಡಿಸುವುದಕ್ಕೆ ನನಗೆ ಒಂದು ಹಗಲು ಹಿಡಿಯಿತು. ಆಮೇಲೆ ಎಣ್ಣೆ ತುಂಬಿ ಪೈಪಿನೊಳಗಿನ ಗಾಳಿ ತೆಗೆಯಬೇಕು. ನಾನು ಸೀಟಿನಲ್ಲಿ ಕೂತು ಪೆಡಲ್ ತುಳಿದೆ. ಅವರು ಚಕ್ರದ ಹತ್ತಿರ ಕೂತು, "ಒತ್ತು... ಹಿಡಿ... ಈಗ ಬಿಡು" ಅನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಪೆಡಲ್ ಗಟ್ಟಿಯಾಗಿ ನಿಂತಿತು. ವರ್ಷದಿಂದ ನಗದಿದ್ದವರು ಅವತ್ತು ನಕ್ಕರು.

ಮರುದಿನ ಹನ್ನೊಂದು ಗಂಟೆಗೆ ಗ್ಯಾರೇಜಿಗೆ ಹೋದೆ. ಗಂಡ ಬರಲ್ಲ ಅಂದರು, ಸಾಹುಕಾರರು ಬಂದರು. ಲಾರಿ ಡ್ರೈವರುಗಳು, ಟೆಂಪೋದವರು ಹತ್ತು ಹನ್ನೆರಡು ಮಂದಿ ಚಹಾ ಕುಡಿಯುತ್ತಿದ್ದರು. ಪೈಪನ್ನು ಮೇಸ್ತ್ರಿಯ ಮುಂದಿನ ಮೇಜಿನ ಮೇಲಿಟ್ಟೆ.

"ಇದನ್ನ ಹೊಸಾದು ಅಂದಿದ್ರಿ. ಇವರಿಗೂ ತೋರಸ್ರಿ."

"ಇದು ಯಾವದೋ ಗುಜರಿ ಪೈಪು" ಅಂದ.

"ನನ್ನ ಮುಂದ ಬಿಚ್ಚ್ಯಾರ" ಅಂದರು ಸಾಹುಕಾರರು.

ಮೇಸ್ತ್ರಿ ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ನೋಡಿದ. ಆಮೇಲೆ ತಲೆ ತಗ್ಗಿಸಿ, "ತಪ್ಪು ನಂದs ಐತಿ" ಅಂದ.

"ಕೇಳಲಿಲ್ರಿ."

"ತಪ್ಪು ನಂದು. ಆತನದಲ್ಲ."

"ಕುಡಿದಿದ್ರೇನು ಅವರು? ಅದನ್ನೂ ಹೇಳ್ರಿ. ಎಲ್ಲಾರಿಗೂ ಕೇಳಂಗ."

"ಕುಡಿದಿರಲಿಲ್ಲ" ಅಂದ. ನಾನು ಅದನ್ನೂ ಇನ್ನೊಂದು ಸಲ ಹೇಳಿಸಿದೆ.

ಮನೆಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಗಂಡ ಟೈರು ಉಜ್ಜುತ್ತ ತಲೆ ಎತ್ತದೆ, "ಒಮ್ಮಿ ಹೇಳಿಸಿದ್ರ ಸಾಕಿತ್ತು" ಅಂದರು.

"ಒಮ್ಮಿ ನಿಮಗ. ಉಳಿದಿದ್ದು ನನಗ" ಅಂದೆ.

ಆಮೇಲೆ ಡ್ರೈವರುಗಳು ತಾವಾಗಿಯೇ ನಮ್ಮ ತಗಡಿನ ಕೆಳಗೆ ಬರತೊಡಗಿದರು. ನವಲಿ, ಕುಷ್ಟಗಿ ಕಡೆಯಿಂದಲೂ ಬ್ರೇಕಿನ ಕೆಲಸ ಬಂತು. ತಮ್ಮ ಕೈ ಹೋಗದ ಸಂದಿಗಳನ್ನು ಗಂಡ ನನಗೇ ಬಿಡುತ್ತಿದ್ದರು. ಮೇಸ್ತ್ರಿ ಎರಡು ವರ್ಷದಲ್ಲಿ ಗ್ಯಾರೇಜು ಮುಚ್ಚಿ ಊರು ಬಿಟ್ಟ.

ಎಷ್ಟೋ ವರ್ಷದ ಮೇಲೆ ಕೊಪ್ಪಳದಲ್ಲಿ ಯಲಬುರ್ಗಾ ಬಸ್ಸು ಹತ್ತಿದಾಗ ಅವನನ್ನು ಕಂಡೆ. ಮುದುಕನಾಗಿದ್ದ. ಬಸ್ಸು ತುಂಬಿತ್ತು. ನನ್ನನ್ನು ಗುರುತು ಹಿಡಿದು, ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತ.

"ಕೂಡ್ರಿ ತಂಗಿ" ಅಂದ.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವನು ಮತ್ತೆ ಕೂತ. ನನಗೂ ಕಾಲು ನೋವಿತ್ತು. ಯಲಬುರ್ಗಾ ಮುಟ್ಟುವವರೆಗೆ ನಿಂತೇ ಹೋದೆ.