ಒತ್ತದೆ ಬಿಟ್ಟ ಬೆರಳು

ಆ ಚಿಕ್ಕ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಿಸ್ಟರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಸೂಜಿ ಕಂಡಾಗ ಎಲ್ಲರೂ ಚಿಕ್ಕವರೇ ಎಂದು ಅವಳು ನಗುತ್ತಿದ್ದಳು. ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತು ಮಂಡಿ ಸವೆದ ಮೇಲೆ ಅವಳನ್ನು ಮಹಡಿಯ ಪರದೆ ಕೋಣೆಗೆ ಹಾಕಿದರು. ಮಂಡಿ ಸವೆದವಳನ್ನು ಮೆಟ್ಟಿಲು ಹತ್ತಿಸುವ ಬುದ್ಧಿ ಮೇಲಿನವರಿಗಷ್ಟೇ ಹೊಳೆಯುತ್ತದೆ ಎಂದು ಅವಳ ಗಂಡ ಹಾಸ್ಯ ಮಾಡಿದ್ದ.

ಮೊದಲು ಅದು ಹಾಸಿಗೆ ಬಟ್ಟೆ ಇಡುವ ಕೋಣೆಯಾಗಿತ್ತು. ಈಗ ಗೋಡೆಯಲ್ಲಿ ದೊಡ್ಡ ಪರದೆ, ಮೇಜಿನ ಮೇಲೆ ಬಗ್ಗುವ ಕತ್ತಿನ ಕ್ಯಾಮೆರಾ, ಪಕ್ಕದಲ್ಲೊಂದು ದೀಪ. ಕೀಲಿನ ಡಾಕ್ಟರು, ಚರ್ಮದ ಡಾಕ್ಟರು, ಯಾರೂ ಆ ಊರಿಗೆ ಬಂದು ನೆಲೆಸುವವರಲ್ಲ. ಪರದೆಯಲ್ಲಿ ಬರುತ್ತಿದ್ದರು, ಮಾತಾಡಿ ಹೋಗುತ್ತಿದ್ದರು.

ಕೀಲಿನ ಡಾಕ್ಟರು ಚುರುಕು ಹೆಂಗಸು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವವರು. ಮೊದಲ ದಿನವೇ ಹೇಳಿದ್ದರು: "ನೋಡಿ ಸಿಸ್ಟರ್, ಇಲ್ಲಿಂದ ನಂಗೆ ಕಣ್ಣಿದೆ, ಕಿವಿ ಇದೆ. ಕೈ ಮಾತ್ರ ಇಲ್ಲ. ಅದು ನೀವು." ಕೀಲನ್ನು ಹೇಗೆ ಒತ್ತಬೇಕು ಎಂದು ಕಲಿಸಿದರು. ಒತ್ತುವವರ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಬೇಕು, ಒತ್ತುವಾಗ ಬೆರಳನ್ನಲ್ಲ, ರೋಗಿಯ ಮುಖ ನೋಡಬೇಕು. "ಬಾಯಿ ಸುಳ್ಳು ಹೇಳತ್ತೆ. ಹುಬ್ಬು ಹೇಳಲ್ಲ."

ಸಿಸ್ಟರಕ್ಕನಿಗೆ ಆ ಮಾತು ಕಿರೀಟವಿಟ್ಟ ಹಾಗಾಗಿತ್ತು. ಮನೆಯಲ್ಲಿ ಕೈ ತೊಳೆಯುವಾಗಲೂ ಗಂಡನಿಗೆ ಹೇಳುತ್ತಿದ್ದಳು, "ಹುಷಾರು, ಇದು ಡಾಕ್ಟ್ರ ಕೈ."

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯಿತ್ತು. ಗಾಜು ಕೊಯ್ಯುವುದರಲ್ಲಿ ಅಂಗಡಿಯವನನ್ನು ಮೀರಿಸುವವರಿರಲಿಲ್ಲ. ಊರವರಿಗೆ ಅವನು ಗಾಜಣ್ಣ. ಅವನ ಮೊಣಕೈ, ಕಿವಿಯ ಹಿಂಭಾಗಗಳಲ್ಲಿ ಬಹಳ ಕಾಲದಿಂದ ಸೋರಿಯಾಸಿಸ್ಸಿನ ಹೊಪ್ಪಳೆಗಳಿದ್ದವು. ಎಷ್ಟೇ ಸೆಕೆಯಿದ್ದರೂ ತುಂಬು ತೋಳಿನ ಅಂಗಿಯಲ್ಲೇ ಇರುತ್ತಿದ್ದ. ಆಮೇಲೆ ಬೆರಳುಗಳು ಊದಿಕೊಂಡವು. ಉಗುರುಗಳ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಗುಳಿಗಳು ಬಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ಚರ್ಮದ ಕಾಯಿಲೆ ಬೇರೆ, ಬೆರಳಿನ ನೋವು ಬೇರೆ ಎಂದುಕೊಂಡು ಸಿಕ್ಕಸಿಕ್ಕ ಎಣ್ಣೆಯನ್ನೆಲ್ಲ ತಿಕ್ಕಿಕೊಂಡು ಸಾಕಾಗಿ ಕೊನೆಗೊಮ್ಮೆ ಪರದೆ ಕೋಣೆಗೆ ಬಂದ.

ಡಾಕ್ಟರು ಉಗುರನ್ನು ಕ್ಯಾಮೆರಾ ಹತ್ತಿರಕ್ಕೆ ತರಿಸಿ ನೋಡಿದರು. ಸಿಸ್ಟರಕ್ಕ ಒಂದೊಂದೇ ಕೀಲು ಒತ್ತಿದಳು. ರಕ್ತಪರೀಕ್ಷೆ, ಎಕ್ಸ್‌ರೇ ಆದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು: "ಎರಡೂ ಒಂದೇ ಕಾಯಿಲೆ. ಚರ್ಮದಲ್ಲಿರೋದೇ ಕೀಲಿಗೂ ಇಳಿದಿದೆ. ಇದಕ್ಕೆ ಸೋರಿಯಾಟಿಕ್ ಆರ್ಥ್ರೈಟಿಸ್ ಅಂತಾರೆ. ಅಂಟುಜಾಡ್ಯ ಅಲ್ಲ. ಪೂರ್ತಿ ಹೋಗಲ್ಲ, ಆದ್ರೆ ಹಿಡಿತದಲ್ಲಿ ಇಡಬಹುದು. ಸುಮ್ನೆ ಬಿಟ್ರೆ ಕೀಲು ತಿನ್ನತ್ತೆ."

ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು. ಬೆರಳಿನ ಊತ ಇಳಿಯಿತು. ಗಾಜಣ್ಣ ಯಾವ ಪ್ರಶ್ನೆಗೂ "ಪರವಾಗಿಲ್ಲ" ಎನ್ನುವ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಪರವಾಗಿಲ್ಲ ಎನ್ನುವವನು ಎಂದು ಅವನ ಹೆಂಡತಿಯೇ ಡಾಕ್ಟರಿಗೆ ದೂರಿದ್ದಳು. ಅದಕ್ಕೇ ಡಾಕ್ಟರು ಅವನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಿಸ್ಟರಕ್ಕನ ಕೈಯನ್ನು ಕೇಳುತ್ತಿದ್ದರು.

ಆ ವರ್ಷ ಸಿಸ್ಟರಕ್ಕನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಗಲದ ಗಂಡುಕೂಸು. ಸೋಂಕು ತಾಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಮನೆಗೆ ಕಳಿಸಿದ್ದರು. ಮಗಳು, ಅಳಿಯ ಅವಳ ಮನೆಯಲ್ಲೇ ಇದ್ದುದರಿಂದ ಕೂಸನ್ನು ಎತ್ತಿ ಆಡಿಸುವುದು ಅವಳ ಪಾಲಿಗೆ ಬಂತು. ಬಾಗಿಲಲ್ಲೇ ಚಪ್ಪಲಿ, ಬಚ್ಚಲಲ್ಲಿ ಕೆಲಸದ ಬಟ್ಟೆ, ಮೊಣಕೈವರೆಗೆ ಸೋಪು. ಅಷ್ಟು ಮಾಡಿದರೂ ಎದೆಯೊಳಗೆ ಅಳುಕು.

ಅದೇ ಸಮಯದಲ್ಲಿ ಗಾಜಣ್ಣನ ಚರ್ಮ ಮತ್ತೆ ಕೆರಳಿತ್ತು. ತೋಳು ಮಡಚಿದಾಗ ಬಿಳಿ ಹೊಟ್ಟು ಮೇಜಿನ ಮೇಲೆ ಉದುರಿತು. ಬೆರಳ ಸಂದುಗಳಲ್ಲೂ ಸಿಪ್ಪೆ ಎದ್ದಿತ್ತು. ಅದು ಅಂಟುವ ಕಾಯಿಲೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಎಷ್ಟೋ ಜನಕ್ಕೆ ಅವಳೇ ಹೇಳಿದ್ದಳು. ಆದರೆ ಆ ತಿಳಿವಳಿಕೆ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಕೈಗವಸು ಹಾಕಿಕೊಂಡ ಮೇಲೂ ಕೈ ಮುಂದೆ ಹೋಗಲಿಲ್ಲ. ಕ್ಯಾಮೆರಾ ಅವನ ಮುಖದ ಮೇಲಿತ್ತು. ಬೆರಳ ಬಳಿ ತನ್ನ ಬೆರಳನ್ನು ಗಾಳಿಯಲ್ಲಿ ಆಡಿಸಿದಳು. ತುದಿ ಸೋಕಿತೋ ಇಲ್ಲವೋ.

"ಉಂಗುರದ ಬೆರಳು ಹೇಗಿದೆ ಸಿಸ್ಟರ್?"

"ನೋವಿಲ್ಲ ಡಾಕ್ಟ್ರೇ."

"ಕಿರುಬೆರಳು?"

"ಅದೂ ಇಲ್ಲ."

ಗಾಜಣ್ಣ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಡಾಕ್ಟರು ಚರ್ಮಕ್ಕೆ ಮುಲಾಮು ಬರೆದು, ಕೀಲಿನ ಮಾತ್ರೆಯನ್ನು ಅಷ್ಟಕ್ಕೇ ಬಿಟ್ಟರು. ಮುಂದಿನ ಸಲವೂ ಹಾಗೇ ಆಯಿತು. ಮೊದಲ ಸಲ ತಪ್ಪೆನಿಸಿದ್ದು ಎರಡನೆಯ ಸಲ ರೂಢಿ ಎನಿಸಿತು. ಕೀಲು ಶಾಂತವಾಗಿದೆ, ಇನ್ನು ಬೇಗ ಬೇಗ ಬರುವುದು ಬೇಡ ಎಂದು ಡಾಕ್ಟರು ದೂರದ ತಾರೀಕು ಕೊಟ್ಟರು. ಕೂಸು ಮೈ ತುಂಬಿಕೊಳ್ಳತೊಡಗಿತ್ತು. ಸಿಸ್ಟರಕ್ಕ ಆ ವಿಷಯವನ್ನು ಮರೆತೇಬಿಟ್ಟಳು.

ಕೂಸಿನ ಮೊದಲ ಫೋಟೋಗೆ ಕಟ್ಟು ಹಾಕಿಸಲು ಒಂದು ಮಧ್ಯಾಹ್ನ ಅವಳು ಗಾಜಣ್ಣನ ಅಂಗಡಿಗೆ ಹೋದಳು. ಒಳಗೆ ಗಾಜು ಕೊಯ್ಯುವ ಸದ್ದು ಕೇಳುತ್ತಿತ್ತು. ಆದರೆ ಗಾಜಿನ ಮುಂದೆ ಬಗ್ಗಿ ನಿಂತಿದ್ದವಳು ಅವನ ಹೆಂಡತಿ. ಗಾಜಣ್ಣ ಪಕ್ಕದಲ್ಲಿ ನಿಂತು ಅಳತೆಪಟ್ಟಿಯನ್ನು ಮೊಣಕೈಯಲ್ಲಿ ಒತ್ತಿ ಹಿಡಿದಿದ್ದ. ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಬಾಗಿ ಕೊಕ್ಕೆಯಂತೆ ನಿಂತಿದ್ದವು.

"ಬನ್ನಿ ಸಿಸ್ಟರಕ್ಕಾ, ಕೂತ್ಕೊಳ್ಳಿ," ಎಂದು ಅವನು ಕಾಲಿನಿಂದಲೇ ಸ್ಟೂಲು ಸರಿಸಿದ.

"ಇದೇನಾಯ್ತು ಬೆರಳಿಗೆ?"

"ಏನಿಲ್ಲ, ಪರವಾಗಿಲ್ಲ."

ಹೆಂಡತಿ ಗಾಜು ಕೊಯ್ಯುವ ಕಟರನ್ನು ಕೆಳಗಿಟ್ಟಳು. "ಪರವಾಗಿಲ್ವಂತೆ! ಬೆಳಿಗ್ಗೆ ಅಂಗಿ ಗುಂಡಿ ನಾನೇ ಹಾಕ್ಬೇಕು ಅಕ್ಕಾ. ರಾತ್ರಿಯೆಲ್ಲ ಕೈ ಹಿಡ್ಕೊಂಡು ಕೂತಿರ್ತಾರೆ. ಡಾಕ್ಟ್ರಿಗೆ ಹೇಳಿ ಅಂದ್ರೆ ಕೇಳಲ್ಲ."

ಗಾಜಣ್ಣ ಸಂಕೋಚದಿಂದ ನಕ್ಕ. "ಹೇಳೋದೇನು? ನೀವೇ ಒತ್ತಿ ನೋಡಿ ನೋವಿಲ್ಲ ಅಂದ್ರಲ್ಲಕ್ಕಾ. ನಂಗೆ ನೋವಿತ್ತು. ಆದ್ರೆ ಕಲಿತವರು ನೀವು, ದಿನಾ ಹತ್ತು ಜನರ ಕೈ ನೋಡೋರು. ನಂದೇ ಮನಸ್ಸಿನ ಭ್ರಮೆ ಇರ್ಬೇಕು ಅಂದ್ಕೊಂಡೆ."

ಸಿಸ್ಟರಕ್ಕ ಫೋಟೋವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಕೆಲಸ ನೆನಪಾಯಿತು ಎಂದು ಏನೋ ಹೇಳಿ ಎದ್ದು ಬಂದಳು.

ಮನೆಯಲ್ಲಿ ಮಗಳು ಕೂಸನ್ನು ಚಾಚಿದಾಗ "ಸ್ವಲ್ಪ ತಡಿ" ಎಂದು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟುಕೊಂಡು ಕೈಗಳನ್ನು ನೋಡುತ್ತ ನಿಂತಳು. ಗಾಜಣ್ಣ ತನ್ನ ನೋವನ್ನೇ ನಂಬದೆ ಅವಳನ್ನು ನಂಬಿದ್ದ. ಸುಳ್ಳು ಹೇಳಿದ್ದಕ್ಕಿಂತ ಅದು ಹೆಚ್ಚಾಗಿ ಕೊರೆಯಿತು. ಅವನು ಜಗಳವಾಡಿದ್ದರೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊಟ ಸೇರದೆ ಕೂತವಳನ್ನು ಗಂಡ ಕೆದಕಿ ಕೇಳಿದ. ಅವನು ಮನೆಮನೆಗೆ ಹೋಗಿ ನೀರಿನ ಮೀಟರು ನೋಡುವವನು, ಯಾರ ಮನೆಯ ಗುಟ್ಟನ್ನೂ ಹೊರಗೆ ಹಾಕದವನು. ಎಲ್ಲವನ್ನೂ ಕೇಳಿ ತಗ್ಗಿದ ದನಿಯಲ್ಲಿ ಹೇಳಿದ: "ಆಗಿದ್ದು ಆಗೋಯ್ತು. ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಸರಿಯಾಗಿ ಒತ್ತಿ, ಈಗ ನೋವಿದೆ ಅಂತ ಹೇಳು. ಮುಗೀತಲ್ಲ? ಕೆಲಸಕ್ಕೆ ಕಲ್ಲು ಹಾಕ್ಕೋಬೇಡ."

ಆ ದಾರಿ ಅವಳಿಗೂ ಹೊಳೆದಿತ್ತು. ಅಂಗಡಿಯಿಂದ ಬರುವಾಗ ಬೀದಿಯ ತುದಿ ಮುಟ್ಟುವ ಮೊದಲೇ ಹೊಳೆದಿತ್ತು. ತನಗೆ ಅಷ್ಟು ಸಲೀಸಾಗಿ ಹೊಳೆಯಿತಲ್ಲ ಎಂದೇ ಅವಳಿಗೆ ಹೇಸಿಗೆಯಾಗಿತ್ತು. "ಆಗ ಡಾಕ್ಟ್ರು ಇದು ಮೊನ್ನೆ ಮೊನ್ನೆ ಶುರುವಾಗಿದ್ದು ಅಂದ್ಕೋತಾರೆ ರೀ," ಎಂದಳು. "ಎಷ್ಟು ದಿನದಿಂದ ತಿಂತಿದೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ."

ಮರುದಿನ ಕೋಣೆಗೆ ರೋಗಿಗಳು ಬರುವ ಮೊದಲು ಅವಳು ಡಾಕ್ಟರನ್ನು ಪರದೆಗೆ ಕರೆದಳು. ನಡೆದದ್ದನ್ನು ನಿಂತೇ ಹೇಳಿದಳು. ಕೂಸಿನ ವಿಷಯವನ್ನೂ ಹೇಳಲು ಹೊರಟವಳು, ನೆಪ ಒಡ್ಡಿದಂತಾಗುತ್ತದೆಂದು ನುಂಗಿಕೊಂಡಳು. ಡಾಕ್ಟರು ತಲೆಯ ಮೇಲಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು.

"ಎರಡು ಸಲಾನಾ?"

"ಹೌದು ಡಾಕ್ಟ್ರೇ."

"ನಾನು ಆ ಕೈ ನೋಡಿ ಅಲ್ಲ ಸಿಸ್ಟರ್, ನಿಮ್ಮನ್ನ ನಂಬಿ ಮಾತ್ರೆ ಬರ್ದೆ." ದನಿ ಏರಲಿಲ್ಲ. "ಇವತ್ತೇ ಎಕ್ಸ್‌ರೇ ಮಾಡ್ಸಿ. ಅವರಿಬ್ಬರನ್ನೂ ಕರೀರಿ. ಅವರಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಮಧ್ಯಾಹ್ನ ಗಾಜಣ್ಣ, ಅವನ ಹೆಂಡತಿ ಬಂದರು. ಸಿಸ್ಟರಕ್ಕ ಈ ಸಲ ಕೈಗವಸು ಹಾಕಿಕೊಳ್ಳಲಿಲ್ಲ. ಗಾಜಣ್ಣನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಉಂಗುರದ ಬೆರಳಿನ ಗಂಟನ್ನು ಒತ್ತಿದಳು. ಅವನ ಹುಬ್ಬು ಗಂಟಾಯಿತು, ಕಣ್ಣಲ್ಲಿ ನೀರಾಡಿತು. ಆದರೂ ಬಾಯಿ "ಪರವಾಗಿಲ್ಲ" ಎಂದಿತು. ಸಿಪ್ಪೆ ಅವಳ ಬೆರಳಿಗೆ ಒರಟಾಗಿ, ಬೆಚ್ಚಗೆ ತಾಕಿತು. ಇಷ್ಟೇ ಆಗಿತ್ತು ಅದು.

ಎಕ್ಸ್‌ರೇಯಲ್ಲಿ ಎರಡು ಬೆರಳ ಕೀಲಿನ ಅಂಚು ಇಲಿ ಕಡಿದಂತೆ ಸವೆದಿತ್ತು. ಸವೆದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ, ಇನ್ನು ಮಾತ್ರೆಯ ಬದಲು ಇಂಜೆಕ್ಷನ್ ಎಂದು ಡಾಕ್ಟರು ಹೇಳಿದರು. ಆಮೇಲೆ ಮಾತು ನಿಲ್ಲಿಸಿ ಸಿಸ್ಟರಕ್ಕನ ಕಡೆ ನೋಡಿದರು.

ಅವಳು ಹೇಳಿದಳು. "ಹೋದ ಎರಡು ಸಲವೂ ನಾನು ನಿಮ್ಮ ಬೆರಳು ಒತ್ತಲೇ ಇಲ್ಲ. ಮುಟ್ಟೋಕೆ ಹಿಂಜರಿದೆ. ನೋವಿಲ್ಲ ಅಂತ ಡಾಕ್ಟ್ರಿಗೆ ಸುಳ್ಳು ಹೇಳ್ದೆ. ನಿಮ್ಮದು ಭ್ರಮೆ ಆಗಿರಲಿಲ್ಲ. ತಪ್ಪು ನಂದು."

ಗಾಜಣ್ಣ ಅರ್ಥವಾಗದವನಂತೆ ಪರದೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ನಿಧಾನವಾಗಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಸಿಸ್ಟರಕ್ಕನಿಗೆ ಅದನ್ನು ನೋಡಲಾಗಲಿಲ್ಲ.

"ನಾನೂ ಬಾಯಿ ಬಿಡ್ಲಿಲ್ಲ ಬಿಡಿ," ಎಂದ.

ಹೆಂಡತಿ ಎದ್ದು ನಿಂತಳು. "ನೀವು ಸುಮ್ನಿರಿ. ಅವರ ತಪ್ಪನ್ನ ನೀವು ಹೊತ್ಕೋಬೇಡಿ." ಸಿಸ್ಟರಕ್ಕನ ಕಡೆ ತಿರುಗಿದಳು. "ಬೀದಿಯಲ್ಲಿ ಜನ ಚಿಲ್ಲರೇನ ಇವರ ಕೈಗೆ ಕೊಡಲ್ಲ, ಮೇಜಿನ ಮೇಲಿಡ್ತಾರೆ. ಅವರಿಗೆ ಗೊತ್ತಿಲ್ಲ ಅಂತ ಸುಮ್ನಿರ್ತೀವಿ. ನಿಮಗೆ ಗೊತ್ತಿತ್ತಲ್ಲ. ನಿಮಗೂ ಅಷ್ಟು ಅಸಹ್ಯ ಆಯ್ತಾ?"

ಸಿಸ್ಟರಕ್ಕ ತಲೆ ತಗ್ಗಿಸಿ ನಿಂತಳು.

ಆಸ್ಪತ್ರೆಯವರು ವಿಚಾರಣೆ ಮಾಡಿ ಎಚ್ಚರಿಕೆ ಕೊಟ್ಟರು. ತನ್ನನ್ನು ಬೇರೆ ಕಡೆ ಹಾಕಿ ಎಂದು ಅವಳೇ ಕೇಳಿಕೊಂಡಳು. ಡಾಕ್ಟರು ಒಪ್ಪಲಿಲ್ಲ. "ಈ ಕೋಣೆಗೆ ಬರೋ ಹೊಸಬರಿಗೆ ಕಲಿಸೋರು ಯಾರು? ಒತ್ತದೆ ಬಿಟ್ರೆ ಏನಾಗತ್ತೆ ಅಂತ ನಿಮ್ಮಷ್ಟು ಚೆನ್ನಾಗಿ ಈಗ ಯಾರಿಗೂ ಗೊತ್ತಿರಲ್ಲ," ಎಂದರು. ಅದು ಕ್ಷಮೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಆಮೇಲಿಂದ ಅಲ್ಲಿ ಕ್ರಮ ಬದಲಾಯಿತು. ಒತ್ತುವಾಗ ಕ್ಯಾಮೆರಾ ಮೊದಲು ಬೆರಳನ್ನು, ಆಮೇಲೆ ಮುಖವನ್ನು ತೋರಿಸಬೇಕು. ಒತ್ತಿಸಿಕೊಂಡವರನ್ನೇ ಡಾಕ್ಟರು ನೇರವಾಗಿ ಕೇಳಬೇಕು. ನಡುವೆ ಕೆಟ್ಟ ದಿನ ಬಂದರೆ ರೋಗಿಗಳು ಮನೆಯಿಂದಲೇ ಮುಷ್ಟಿ ಕಟ್ಟುವ ವಿಡಿಯೋ ಕಳಿಸಬೇಕು.

ಇಂಜೆಕ್ಷನ್ನಿನಿಂದ ಗಾಜಣ್ಣನ ಉಳಿದ ಬೆರಳುಗಳ ಊತ ಇಳಿಯಿತು, ಚರ್ಮವೂ ತಿಳಿಯಾಯಿತು. ಒಂದು ದಿನ ಅರ್ಧ ತೋಳಿನ ಅಂಗಿಯಲ್ಲಿ ಬಂದಿದ್ದ. ಬಾಗಿದ ಎರಡು ಬೆರಳು ಬಾಗಿಯೇ ಉಳಿದವು. ದೊಡ್ಡ ಗಾಜನ್ನು ಈಗಲೂ ಹೆಂಡತಿಯೇ ಕೊಯ್ಯುತ್ತಾಳೆ. ಅವಳ ಕೈ ಗಂಡನ ಕೈಗಿಂತ ನೆಟ್ಟಗೆ ಹೋಗುತ್ತದೆ ಎಂದು ಗಿರಾಕಿಗಳು ಹೇಳಿದರೆ ಗಾಜಣ್ಣ ನಗುತ್ತಾನೆ, ಹೆಂಡತಿ ನಗುವುದಿಲ್ಲ.

ಪರದೆ ಕೋಣೆಯಲ್ಲೂ ಅವಳು ಗಂಡನ ಕೈಯನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಡಾಕ್ಟರಿಂದ ಕಲಿತುಕೊಂಡು ಒಂದೊಂದು ಕೀಲನ್ನೂ ತಾನೇ ಒತ್ತುತ್ತಾಳೆ, ಅವನ ಹುಬ್ಬನ್ನು ನೋಡಿ ತಾನೇ ಡಾಕ್ಟರಿಗೆ ಹೇಳುತ್ತಾಳೆ. ಸಿಸ್ಟರಕ್ಕನ ಪಾಲಿಗೆ ಕ್ಯಾಮೆರಾ ತಿರುಗಿಸುವ ಕೆಲಸವಷ್ಟೇ ಉಳಿದಿದೆ. ಅವಳು ಬಾಯಿ ಮುಚ್ಚಿಕೊಂಡು ಅದನ್ನು ಮಾಡುತ್ತಾಳೆ. ಗಾಜಣ್ಣ ಹೋಗುವಾಗ "ಬರ್ತೀನಕ್ಕಾ" ಎನ್ನುತ್ತಾನೆ. ಆ ಅಕ್ಕಾ ಎಂಬ ಮಾತಿಗೆ ಅವಳಿಗೆ ಯಾವ ಸಲವೂ ಮುಖ ಎತ್ತಲಾಗುವುದಿಲ್ಲ.

ಮೊನ್ನೆ ಬಂದಾಗ ಗಾಜಣ್ಣನ ಹೆಂಡತಿ ಕಿರುಬೆರಳನ್ನು ಹಿಡಿದು, ತಲೆಯೆತ್ತದೆ, "ದೀಪ ಸ್ವಲ್ಪ ಈ ಕಡೆ ತಿರುಗ್ಸಿ" ಎಂದಳು. ಆ ಮಧ್ಯಾಹ್ನದ ನಂತರ ಅವಳು ಸಿಸ್ಟರಕ್ಕನೊಂದಿಗೆ ಆಡಿದ್ದು ಅದೊಂದೇ ಮಾತು. ಸಿಸ್ಟರಕ್ಕ ದೀಪ ತಿರುಗಿಸಿ, ಬೆಳಕು ಬೆರಳ ಮೇಲೆ ಸರಿಯಾಗಿ ಬೀಳುವವರೆಗೆ ಅದನ್ನು ಕೈಯಲ್ಲೇ ಹಿಡಿದು ನಿಂತಳು.