ಮೆಹ್ರೀನಳ ನೀರಿನ ತೋಟ

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮೆಹ್ರೀನಳಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ನಾನು ಅವಳ ಪಕ್ಕದ ಮನೆಯವಳು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಮರದ ಬೊಂಬೆಗಳನ್ನು ಡಬ್ಬಿಗೆ ತುಂಬುತ್ತಿದ್ದೆವು. ಆ ದುಡ್ಡಿನಲ್ಲಿ ಬೇರೆಯವರು ಓಲೆ ಮಾಡಿಸಿಕೊಂಡರೆ, ಈ ಮಹಾರಾಯ್ತಿ ಗಾಜಿನ ಮೀನಿನ ತೊಟ್ಟಿ ತಂದು ನಡುಮನೆಯಲ್ಲಿಟ್ಟಳು. ಬರೀ ಮೀನು ಸಾಲದು, ನೀರೊಳಗೆ ತೋಟವೇ ಬೇಕಂತೆ!

ಗಿಡಗಳು ಹಳದಿಗೆ ತಿರುಗಿದವು. ಗಿಡ ಬೆಳೆಯಲು ನೀರಿಗೆ ಗ್ಯಾಸು ಬೇಕೆಂದು ಫೋನಿನಲ್ಲಿ ನೋಡಿ ಕಲಿತು, ಜ್ಯೂಸ್ ಬಾಟಲಿಯ ಸಕ್ಕರೆ ನೀರಿಗೆ ಬೇಕರಿಯ ಈಸ್ಟ್ ಹಾಕಿ, ಮುಚ್ಚಳಕ್ಕೆ ತೂತು ಕೊರೆದು ತೊಟ್ಟಿಗೆ ಪೈಪು ಎಳೆದಳು. ಒಂದು ದಿನ ಬಾಟಲಿ ಉಕ್ಕಿ ಮನೆಯೆಲ್ಲ ಹುಳಿ ವಾಸನೆ. ಬಿಟ್ಟಳೇ? ಬೆಂಗಳೂರಿನ ಬಸ್ಸು ಹತ್ತಿ ಕಾರ್ಬನ್ ಡೈಆಕ್ಸೈಡಿನ ಪುಟ್ಟ ಸಿಲಿಂಡರನ್ನೇ ಹೊತ್ತು ತಂದಳು. ತಿರುಪು ಸ್ವಲ್ಪ ಸಡಿಲಿಸಿದರೆ ತಳದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ತಿಂಗಳೊಳಗೆ ತೊಟ್ಟಿ ಹಸಿರಾಯಿತು.

"ಪ್ರತಿಮಕ್ಕ, ಲೈಟ್ ಇದ್ರೇನೇ ಗಿಡ ಈ ಗ್ಯಾಸ್ನ ಕುಡಿಯೋದು. ಲೈಟ್ ಆರಿಸ್ದಾಗ ತಿರುಪೂ ಮುಚ್ಬೇಕು. ಇಲ್ದಿದ್ರೆ ಮೀನಿಗೆ ಉಸ್ರು ಕಟ್ತದೆ," ಎಂದು ಎಷ್ಟು ಸಲ ಹೇಳಿದ್ದಳೋ!

ಲೇತಿನಲ್ಲಿ ಬೊಂಬೆ ಮಾಡುವ ಅವಳ ಗಂಡ ಅತೀಕ್ ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ನೀರಿಗೆ ಸೋಡಾ ಕುಡಿಸ್ತಾವ್ಳೆ ಕಣಕ್ಕ," ಎಂದು ನಗುತ್ತಿದ್ದ. ಒಳ್ಳೆಯವನೇ. ಆದರೆ ಹೆಂಡತಿಯ ಮಾತಿಗೆಲ್ಲ ಕೇಳಿಸಿಕೊಳ್ಳದೆಯೇ ಹೂಂಗುಟ್ಟುವ ಜಾತಿ, ನಮ್ಮ ಮನೆಯವರ ಹಾಗೆ.

ಹೋದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಮೆಹ್ರೀನಳ ಹೃದಯ ನಿಂತೇಹೋಯಿತು. ನಲವತ್ತೂ ತುಂಬಿರಲಿಲ್ಲ. ನಾನು ತವರು ಉಯ್ಯಂಬಳ್ಳಿಯಲ್ಲಿದ್ದೆ, ಪಾಪಿ, ಮಣ್ಣಿಗೂ ಸಿಗಲಿಲ್ಲ. ಸಾವಿನ ಮನೆಯೆಂದು ಹಿರಿಯ ಹೆಂಗಸರು ಟೀವಿಗೂ ತೊಟ್ಟಿಗೂ ದುಪ್ಪಟಿ ಹೊದಿಸಿ, ತೊಟ್ಟಿಯ ಲೈಟು ಆರಿಸಿದ್ದರು. ತಿರುಪಿನ ವಿಷಯ ಯಾರಿಗೆ ಗೊತ್ತು?

ಮಾರನೆಯ ದಿನ ನಾನು ಹೋದಾಗ ಅತೀಕ್ ದುಪ್ಪಟಿಯ ಅಂಚು ಎತ್ತಿ ಮೀನಿಗೆ ಆಹಾರ ಉದುರಿಸುತ್ತಿದ್ದ. ಮೀನೆಲ್ಲ ನೀರಿನ ಮೇಲಕ್ಕೆ ಬಂದಿದ್ದವು.

"ನೋಡಕ್ಕ, ಬೆಳಿಗ್ಗೆಯಿಂದ ಹಿಂಗೇ ಬಾಯ್ ಬಾಯ್ ಬುಡ್ತಾವೆ. ಅವಳನ್ನ ಕೇಳ್ತಾವೆ. ಮಕ್ಕಳಿಲ್ಲ ಮರಿಯಿಲ್ಲ, ಅವಳದು ಅಂತ ಉಳ್ದಿರೋದು ಇವಷ್ಟೇ. ಒಂದನ್ನೂ ಸಾಯಕ್ಕೆ ಬುಡಲ್ಲ ನಾನು."

"ಅಯ್ಯೋ, ನಿಮ್ ಮನೆ ಕಾಯ್ವಾಗ!" ಎಂದು ದುಪ್ಪಟಿ ಕಿತ್ತೆಸೆದು ತಿರುಪು ಮುಚ್ಚಿದೆ. ಇಬ್ಬರೂ ಬಕೆಟ್ಟುಗಟ್ಟಲೆ ನೀರು ತೆಗೆದು ಹೊಸ ನೀರು ಸುರಿದೆವು. ಆದರೂ ಮೀನುಗಳು ಒಂದೊಂದಾಗಿ ಮಗ್ಗುಲಾದವು. ಕಡೆಗೆ ಒಂದೂ ಉಳಿಯಲಿಲ್ಲ.

ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. "ಹಸಿವಲ್ಲ ಭಾಯ್, ಉಸ್ರು ಕಟ್ಟಿತ್ತು ಅವಕ್ಕೆ! ಬಾಯಿ ನೋಯೋ ಹಂಗೆ ಹೇಳಿದ್ಳಲ್ಲ, ಕೇಳ್ಬಾರ್ದಿತ್ತಾ?" ಅಂದುಬಿಟ್ಟೆ.

ಅತೀಕ್ ಒದ್ದೆ ನೆಲದ ಮೇಲೆ ಕುಸಿದು ಕೂತ.

"ಅವಳೂ ನೆನ್ನೆ ಉಸ್ರು ಸಿಗ್ತಿಲ್ಲ ಅಂದ್ಲು ಕಣಕ್ಕ," ಎಂದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಅದ್ಕೇ ಹಂಗಾಯ್ತೈತೆ ಅಂತ ತಟ್ಟೆಗೆ ಅನ್ನ ಹಾಕ್ಕೊಟ್ಟೆ. ನಾನ್ ಹೇಳ್ದೆ ಅಂತ ಎರಡು ತುತ್ತು ತಿಂದ್ಲು."