ಮುಚ್ಚಳ ಕೂರದ ಐದನೆಯ ಡಬ್ಬಿ

“ನೀರು ಹಾಕಿದ್ರೆ ಬೆಂಕಿ ಆರತ್ತೆ ಅಂತ ಅಲ್ವಾ ನಾವೆಲ್ಲ ತಿಳ್ಕೊಂಡಿರೋದು? ಈ ಹಳೇ ಸಿನಿಮಾ ರೀಲು ಆರಲ್ಲ ಕಣ್ರೀ. ಬಕೆಟ್ಟಲ್ಲಿ ಮುಳುಗಿಸಿದ್ರೂ ನೀರೊಳಗೇ ಉರಿಯತ್ತೆ. ನಮ್ಮತ್ತೆ ಕಣ್ಣಾರೆ ನೋಡಿದ್ರು. ಅವರು ರೀಲು ಕತ್ತರಿಸಿ ಅಂಟಿಸ್ತಿದ್ದ ಕೋಣೇಲಿ ಒಂದ್ಸಲ ಹತ್ಕೊಂಡು, ಜೊತೇಲಿದ್ದೋಳು ಬಾಗಿಲ ತನಕ ಬರೋದ್ರೊಳಗೆ ಎಲ್ಲಾ ಮುಗಿದು ಹೋಯ್ತಂತೆ. ಅತ್ತೆ ಎಡಗೈ ನೀವೂ ನೋಡಿದ್ರಲ್ಲ, ಮೊಣಕೈವರೆಗೂ ಸುಕ್ಕುಗಟ್ಟಿ ಹೊಳೀತಿತ್ತು. ಸಾಯೋ ಮುಂಚೆ ನನ್ನ ಹತ್ರ ಕರೆದು, ‘ಮಂಚದ ಕೆಳಗೆ ಐದು ಡಬ್ಬಿ ಇದೆ. ನಾನು ತೆಗೆದ ಚಿತ್ರದಲ್ಲಿ ಉಳಿದಿರೋದು ಅಷ್ಟೇ. ತಣ್ಣಗಿಡು. ಬೆಂಕಿ ಅದರ ಮುಖ ನೋಡಬಾರದು’ ಅಂದ್ರು. ಹೂಂ ಅಂದ್ಬಿಟ್ಟೆ. ಹದಿನೆಂಟು ವರ್ಷ ಆಯ್ತು, ಕಣ್ತುಂಬ ನಿದ್ದೆ ಮಾಡಿಲ್ಲ.”

ಹೀಗೆ ಹೇಳುವಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ. ದರ್ಜಿ ಅಂಗಡಿಯ ಅಂಗಿಗಳಿಗೆ ಮನೆಯಲ್ಲೇ ಗುಂಡಿ ತೂರುವ ಕಾಜ ಹೊಲಿಯುವುದು ಅವಳ ಕೆಲಸ, ಅದಕ್ಕೇ ಇಡೀ ಬೀದಿಗೆ ಅವಳು ಕಾಜದಕ್ಕ. ಕೆಲಸ ಕಲಿಸಿದ್ದೂ ಅತ್ತೆಯೇ. ಮೂಕಿ ಸಿನಿಮಾದ ಕಾಲ ಮುಗಿದು, ಗಂಡನೂ ಹೋದ ಮೇಲೆ ಆ ಹೆಂಗಸು ಕಾಜ ಹೊಲಿದು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಗುರುತು ಹಾಕುವ ಪೆನ್ಸಿಲೊಂದನ್ನು ಅತ್ತೆ ಮೊದಲಿನಿಂದಲೂ ತುರುಬಿಗೆ ಅಡ್ಡಲಾಗಿ ಚುಚ್ಚಿಕೊಂಡಿರುತ್ತಿದ್ದಳು. ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ನಾನು ಮೇಲಿನ ಮಹಡಿಯವಳು. ಆ ಮಂಚದ ನೇರ ಮೇಲೆಯೇ ನನ್ನ ಹಾಸಿಗೆ. ಕಾಜದಕ್ಕನ ಭಯದಲ್ಲಿ ನನಗೂ ಅರ್ಧ ಪಾಲಿತ್ತು.

ಅವಳ ಒಲೆ ಮೆಟ್ಟಿಲ ಪಕ್ಕದ ಮೊಗಸಾಲೆಯಲ್ಲಿ, ಇದ್ದಿಲ ಇಸ್ತ್ರಿಪೆಟ್ಟಿಗೆಯೂ ಅಲ್ಲೇ. ಓಡಾಡುವವರು ಎಡವಿ ಬಯ್ಯುತ್ತಿದ್ದರು. ಬಾಯಲ್ಲಿ ಸಿಗರೇಟಿದ್ದವನು ಅಂಗಡಿಯ ಯಜಮಾನನೇ ಆದರೂ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗೋಣಿಚೀಲ ನೆನೆಸಿ ಡಬ್ಬಿಗಳಿಗೆ ಹೊದಿಸುತ್ತಿದ್ದಳು. ನಾಲ್ಕಕ್ಕೆ ಮಾತ್ರ. ಐದನೆಯದರ ಮುಚ್ಚಳ ನೆಗ್ಗಿ ಸರಿಯಾಗಿ ಕೂರುತ್ತಿರಲಿಲ್ಲ. ನೀರು ಒಳಗಿಳಿದೀತೆಂದು ಅದನ್ನು ಗೋಡೆಯ ಎತ್ತರದ ಹಲಗೆಯ ಮೇಲೆ, ಬಟ್ಟೆಚೂರುಗಳ ನಡುವೆ ಇಟ್ಟಿದ್ದಳು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಅದರದೇ. ಕಿಟಕಿಯ ಬಿಸಿಲು ಗೋಡೆ ಹತ್ತಿದಂತೆಲ್ಲ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಮಂಚದ ಕೆಳಗಿಂದ ಹುಳಿ ನಾತ ಏಳತೊಡಗಿತು, ಬೆವರಿದ ಕಾಲುಚೀಲದಂಥದು. ನನ್ನ ಕೋಣೆಗೂ ಬಂತು. ಮೂಗು ಮುಚ್ಚಿಕೊಂಡು ಬಂದ ಅವಳ ಮೈದುನ ರೇಗಿದ. “ಅತ್ತಿಗೆ, ಒಂದಿನ ಈ ಕಟ್ಟಡಾನೇ ಸುಟ್ಟು ಕೂರ್ತೀರ. ಭಾನುವಾರ ಗಾಡಿ ತರ್ತೀನಿ, ಎಲ್ಲಾ ಎತ್ತಿ ತಿಪ್ಪೆಗೆ.”

“ನಿಮ್ಮಮ್ಮ ತೆಗೆದ ಚಿತ್ರ ಕಣಪ್ಪ ಅದು.”

“ಚಿತ್ರ ತೆಗೆದಿದ್ದು ಅಪ್ಪ. ಪತ್ರಿಕೇಲೆಲ್ಲ ಅವರ ಹೆಸರೇ ಇದೆ. ಅಮ್ಮ ಚಹಾ ಕಾಯಿಸ್ತಿದ್ರು ಅಷ್ಟೇ. ಸುಮ್ನೆ ಅವರನ್ನ ಅಟ್ಟಕ್ಕೇರಿಸ್ಬೇಡಿ.”

ಸಿನಿಮಾ ಸಂಗ್ರಹಾಲಯದ ಹುಡುಗಿಯೊಬ್ಬಳು ಹಿಂದೊಮ್ಮೆ ವಿಳಾಸ ಹುಡುಕಿಕೊಂಡು ಬಂದಿದ್ದಳು. ಹಳೆಯ ಪತ್ರಿಕೆಯ ಮೂಲೆಯಲ್ಲಿ ಅತ್ತೆಯ ಹೆಸರನ್ನು ಒಂದೇ ಒಂದು ಸಲ ಕಂಡಿದ್ದಳಂತೆ. ಬೆಂಕಿಯ ಭಯಕ್ಕೆ ಕಾಜದಕ್ಕ ಡಬ್ಬಿ ಇಲ್ಲವೆಂದು ಸುಳ್ಳು ಹೇಳಿ ಕಳಿಸಿದ್ದಳು. ಈಗ ನನ್ನ ಕೈಯಲ್ಲೇ ಅವಳಿಗೆ ಫೋನು ಮಾಡಿಸಿದಳು.

ಭಾನುವಾರ ಬೆಳಿಗ್ಗೆ ಹುಡುಗಿ ಬಂದಾಗ ಕೆಳಗೆ ಮೈದುನನ ಗಾಡಿಯೂ ನಿಂತಿತ್ತು, ಅವನು ಆಗಲೇ ಒಳಗೆ ಬಂದಿದ್ದ.

“ಬೆಂಕಿಪೊಟ್ಟಣ ಇದ್ರೆ ಆಚೆ ಇಟ್ಟು ಬಾರಮ್ಮ,” ಎಂದಳು ಕಾಜದಕ್ಕ.

ಮೊದಲ ಡಬ್ಬಿ ತೆರೆದರೆ ಕಂದು ಪುಡಿ. ಎರಡನೆಯದರಲ್ಲಿ ಅಂಟುಮುದ್ದೆ. ಮೂರು, ನಾಲ್ಕೂ ಹಾಗೇ. ಹುಡುಗಿ ಒದ್ದೆ ಗೋಣಿಯನ್ನು ಮುಟ್ಟಿ ನೋಡಿದಳು.

“ಇದನ್ನ ಯಾರು ನೆನೆಸ್ತಿದ್ರು?”

“ನಾನೇ. ತಣ್ಣಗಿಡು ಅಂದಿದ್ರಲ್ಲ. ನೀರಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಲ್ವಾ, ಹಾಗೆ.”

ಹುಡುಗಿ ಗೋಣಿಯನ್ನು ಪಕ್ಕಕ್ಕೆ ಸರಿಸಿದಳು. “ತಂಪು ಬೇಕಿತ್ತಮ್ಮ, ತೇವ ಅಲ್ಲ. ತೇವಕ್ಕೆ ಇದು ಕೊಳೆಯುತ್ತೆ.”

ಕಾಜದಕ್ಕ ನಾಲ್ಕೂ ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ಹಾಕಿದಳು. ಹಲಗೆಯ ಮೇಲಿನ ಡಬ್ಬಿಯತ್ತ ಹುಡುಗಿ ಕೈ ಚಾಚಿದಾಗ ಚೀರಿದಳು. “ಅದನ್ನ ತೆಗೀಬೇಡ! ಅದೂ ಹೋಗಿದ್ರೆ ಹೋಗ್ಲಿ. ನನ್ನ ಕೈಯಾರೆ ಎಲ್ಲಾನೂ ಮುಗಿಸಿದೆ ಅಂತ ನನಗೆ ಗೊತ್ತಾಗೋದು ಬೇಡ.”

“ನೋಡೇಬಿಡೋಣ ಕಣೇ,” ಎಂದೆ. “ಹೆಂಗೂ ಗಾಡಿ ಬಂದು ನಿಂತಿದೆ.”

ನೆಗ್ಗಿದ ಮುಚ್ಚಳ ಎದ್ದಿತು. ಒಳಗೆ ರೀಲು ಸುರುಳಿ ಸುರುಳಿಯಾಗಿ, ಒಣಗಿ, ಗಟ್ಟಿಯಾಗಿತ್ತು. ಗಾಳಿಯಾಡಿದ್ದೇ ಇದನ್ನು ಉಳಿಸಿದ್ದು ಎಂದಳು ಹುಡುಗಿ. ತುದಿಯನ್ನು ಮೆಲ್ಲಗೆ ಬಿಡಿಸಿ, ಬಿಸಿಲು ತಾಗದ ಹಾಗೆ ಬೆಳಕಿಗೆ ಹಿಡಿದು, ಮೈದುನನ ಕೈಗೆ ಭೂತಗನ್ನಡಿ ಕೊಟ್ಟಳು.

“ನೋಡಿ, ನಮ್ಮಪ್ಪ!” ಅವನು ಕೂಗಿದ. “ಕುಡುಕನ ವೇಷ! ಗೋಡೆ ಹಿಡ್ಕೊಂಡು ತೂರಾಡ್ತಿದ್ದಾರೆ!”

“ಅವರು ಇಲ್ಲಿ ತೂರಾಡ್ತಿದ್ರೆ ಕ್ಯಾಮೆರಾ ತಿರುಗಿಸ್ತಿದ್ದೋರು ಯಾರು ಸಾರ್?” ಹುಡುಗಿ ಕೇಳಿದಳು. “ಗೋಡೆಯ ಅಂಚು ನೋಡಿ.”

ಅಂಚಿನಲ್ಲಿ ನೆರಳೊಂದು ಬಿದ್ದಿತ್ತು. ಮೂರು ಕಾಲಿನ ಕ್ಯಾಮೆರಾ, ಹಿಡಿ ತಿರುಗಿಸಲು ಎತ್ತಿದ ಮೊಣಕೈ, ತುರುಬು, ತುರುಬಿಗೆ ಅಡ್ಡಲಾಗಿ ಒಂದು ಕಡ್ಡಿ.

ಮೈದುನ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಅಮ್ಮನ ಪೆನ್ಸಿಲ್ಲು,” ಎಂದ ಕೊನೆಗೆ. ಭೂತಗನ್ನಡಿಯನ್ನು ಅತ್ತಿಗೆಯ ಕೈಗಿಟ್ಟು, ಗಾಡಿಯವನನ್ನು ಕಳಿಸಲು ಕೆಳಗಿಳಿದ.

ಹುಡುಗಿ ಐದೂ ಡಬ್ಬಿಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಒಯ್ದಳು. ಪುಡಿಯನ್ನೂ ಬಿಡಲಿಲ್ಲ, ಅದನ್ನೂ ಬೆಂಕಿಯಿಂದ ದೂರ ಇಡಬೇಕಂತೆ.

ಸಂಜೆ ಅಭ್ಯಾಸಬಲದಿಂದ ಕಾಜದಕ್ಕ ಗೋಣಿ ನೆನೆಸಲು ಹೋಗಿ, ಅರ್ಧಕ್ಕೆ ನಿಂತು, ಅದನ್ನು ಹಿಂಡಿ ಹಗ್ಗದ ಮೇಲೆ ಹರವಿದಳು. ಮಂಚದ ಕೆಳಗೆ ಬಗ್ಗಿ ಮೂಸಿದಳು, ಮತ್ತೆ ಬಗ್ಗಿ ಮೂಸಿದಳು. ಆಮೇಲೆ ಮೊಗಸಾಲೆಯ ಒಲೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದಳು.

“ಬಾಗಿಲು ತೆರೆದೇ ಇರ್ಲಿ, ನೀವು ಹೊಸ್ತಿಲಲ್ಲೇ ನಿಂತಿರಿ,” ಎಂದಳು ನನಗೆ.

ಎರಡು ಬೆಂಕಿಕಡ್ಡಿ ಗೀರಿದಂತೆಯೇ ಆರಿದವು. ಮೂರನೆಯದು ಹತ್ತಿತು. ಕಣ್ಣು ಬಿಗಿಯಾಗಿ ಮುಚ್ಚಿ, ತೆರೆದು, ಅವಳು ಪಾತ್ರೆಗೆ ಎರಡು ಲೋಟ ನೀರು ಹುಯ್ದು ಚಹಾಕ್ಕೆ ಇಟ್ಟಳು.